ಸಾಹೇಬ್ರ

ಬನ್ನಿಗಿಡದ ಬುಡದಲ್ಲಿ ಐದು ಕಲ್ಲು, ಬಳಿದ ಸುಣ್ಣ ಇನ್ನೂ ಹಸಿ. ಪಾಂಡವರಿಗೆ ಎಡೆ ಆಗಿದೆ. ಹೊಲದ ಸುತ್ತ ಚರಗ ಚೆಲ್ಲಿ ಬಂದ ಅಪ್ಪ ಕಂಬಳಿಯ ಮೇಲೆ ಕೂತಿದ್ದಾನೆ.

ಇವತ್ತು ಎಳ್ಳ ಅಮಾಸಿ. ಶಿರಗುಪ್ಪಿಯ ಎರೆಹೊಲಗಳಲ್ಲಿ ಕಣ್ಣು ಹಾಯುವಷ್ಟು ದೂರ ಬುತ್ತಿ ಬಿಚ್ಚಿದ ಮಂದಿ. ಬಿಳಿಜೋಳ ತೆನೆ ಹೊರಡುವ ಹೊತ್ತು, ಅಂಚಿಗೆ ಕುಸುಬಿಯ ಮುಳ್ಳು. ಕಡಲೆ ಸಾಲಿಗೆ ಇಳಿದ ಮಗಳು ಎಲೆ ನೆಕ್ಕಿ, ಹುಳಿಗೆ ಕಣ್ಣು ಮುಚ್ಚುತ್ತಾಳೆ. ಅವ್ವ ಬುಟ್ಟಿಯಿಂದ ಒಂದೊಂದೇ ತೆಗೆಯುತ್ತಾಳೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಡಿಗೆಯ ತುಂಬ ಮೊಸರು.

"ನಾ ಬಡಸ್ತೀನಿ," ಅಂತ ಮಗಳು ಗಡಿಗೆ ಎತ್ತುತ್ತಾಳೆ. ಎಂಟು ವರ್ಷದವಳು. ನನ್ನ ಹೊಟ್ಟೆಯೊಳಗೆ ಏನೋ ಬಿಗಿಯುತ್ತದೆ.

ಇದೇ ಹೊಲ, ಇದೇ ಹಬ್ಬ, ಆಗ ನನಗೂ ಇದೇ ವಯಸ್ಸು. ಕೈಯಿಂದ ಅಂಬಲಿ ಗಡಿಗೆ ಜಾರಿತ್ತು; ಎರೆಯ ಬಿರುಕು ಅದನ್ನು ಒಂದೇ ಗುಟುಕಿಗೆ ಕುಡಿದಿತ್ತು. ಅಪ್ಪ ಬೈಯಲಿಲ್ಲ. ಎದ್ದು ನಿಂತು ಕೈ ಮುಗಿದ. "ಏನ್ ಶ್ಯಾಣ್ಯಾರಿದ್ದೀರಿ ಬಿಡ್ರಿ ಸಾಹೇಬ್ರ!" ಬೀಗರೆಲ್ಲ ಹೊಟ್ಟೆ ಹಿಡಿದು ನಕ್ಕರು.

ನಮ್ಮ ಕಡೆ ಅಪ್ಪ ಮಗನಿಗೆ ಬಹುವಚನ ಹಚ್ಚಿದನೆಂದರೆ ಮಗ ತಪ್ಪು ಮಾಡಿದ್ದಾನೆ ಎಂದೇ ಅರ್ಥ. ಬೈದರೆ ಅಳಬಹುದು. ಮಷ್ಕಿರಿಗೆ ಅತ್ತರೆ ಇನ್ನೊಂದು ನಗು ಏಳುತ್ತದೆ.

ಅವತ್ತೇ ಸೋದರಮಾವನೂ ನನ್ನನ್ನು ಹತ್ತು ಸಲ ಕಾಡಿದ್ದ. ಅವನ ಒಂದು ಮಾತೂ ನೆನಪಿಲ್ಲ, ಯಾಕೆಂದರೆ ಮಾವನಿಗೆ ನಾನೂ ತಿರುಗಿ ಅಂದಿದ್ದೆ. ಅದು ಅಲ್ಲೇ, ಹೊಲದಲ್ಲೇ ಮುಗಿಯಿತು. ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ನಂಟಸ್ತಿಕೆಯ ಚೇಷ್ಟೆಯ ಮೇಲೆ ಬರೆಯುತ್ತ ಎರಡು ಬಗೆ ಗುರುತಿಸಿದ: ಇಬ್ಬರೂ ಛೇಡಿಸಬಹುದಾದದ್ದು ಒಂದು, ಒಬ್ಬ ಛೇಡಿಸಿ ಇನ್ನೊಬ್ಬ ತಡೆದುಕೊಳ್ಳಬೇಕಾದದ್ದು ಇನ್ನೊಂದು. ಅಪ್ಪನಿಗೆ ತಿರುಗಿ ಅಂದರೆ ಅದು ಎದುರು ಮಾತು. ನನ್ನ ಉತ್ತರ ಗಂಟಲಲ್ಲೇ ನಿಂತಿತು, ಅದಕ್ಕೆ ಜೋತುಬಿದ್ದು ಅಪ್ಪನ ದನಿಯೂ ಒಳಗೇ ಉಳಿಯಿತು.

ಮಗು ತನ್ನೊಡನೆ ಗಟ್ಟಿಯಾಗಿ ಆಡಿಕೊಳ್ಳುವ ಮಾತು ಬೆಳೆಯುತ್ತ ಒಳಗಿಳಿಯುತ್ತದೆ, ಇಳಿಯುತ್ತ ಮೊಟಕಾಗುತ್ತದೆ ಎಂದು ರಷ್ಯಾದ ಮನಶ್ಶಾಸ್ತ್ರಜ್ಞ ವೈಗೋಟ್‌ಸ್ಕಿ ಹೇಳಿದ. ಅದನ್ನು ಹೇಳಿದ ಅವನ ಪುಸ್ತಕ ಬಂದದ್ದು 1934ರಲ್ಲಿ, ಅವನು ತೀರಿಕೊಂಡ ವರ್ಷವೇ. ನನ್ನೊಳಗೆ ಏನು ಮೊಟಕಾಯಿತೆಂದು ನನಗೆ ಗೊತ್ತು. ನಕ್ಕಾದ ಮೇಲೆ ಅಪ್ಪ ತನ್ನ ತಾಟಿನ ಹೋಳಿಗೆ ಮುರಿದು ನನ್ನ ಬಾಯಿಗೆ ಇಟ್ಟಿದ್ದ. ಮೊಟಕಾಗುವಾಗ ಅದು ಬಿದ್ದುಹೋಯಿತು, ಸಾಹೇಬ್ರ ಅನ್ನುವುದೊಂದೇ ಉಳಿಯಿತು. ಹುಬ್ಬಳ್ಳಿಯ ಸಿಗ್ನಲ್‌ನಲ್ಲಿ ಸ್ಕೂಟರ್ ಬಂದ್ ಬಿದ್ದರೆ ಸಾಹೇಬ್ರ. ಸಭೆಯಲ್ಲಿ ಒಂದು ಹೆಸರು ಮರೆತರೆ ಸಾಹೇಬ್ರ. ಬ್ಯಾಂಕಿನ ಸಾಲಿನಲ್ಲಿ ಮುಂದಿನ ಮುದುಕ ಚಲನ್ ತಪ್ಪು ತುಂಬಿ ಹರಿದು ಹಾಕಿದರೆ, ನನ್ನ ಬಾಯಿ ಮುಚ್ಚಿರುತ್ತದೆ, ಒಳಗೆ ಮಾತ್ರ ಅವನಿಗೂ ಅದೇ ಬಹುವಚನ. ನನಗೆ ಹೆಚ್ಚು ನೋಯುವುದು ಇದು. ನನ್ನನ್ನು ತೂಗಿದ ತಕ್ಕಡಿಯಲ್ಲಿ, ಕಂಡರಿಯದವರನ್ನೂ ತೂಗುತ್ತ ಬಂದಿದ್ದೇನೆ.

ಗಡಿಗೆ ಅಲುಗುತ್ತದೆ. ಮೊಸರು ಅಪ್ಪನ ಧೋತರದ ಮೇಲೆ.

ಅಪ್ಪ ನಿಧಾನಕ್ಕೆ ಕೈ ಮುಗಿಯುತ್ತಾನೆ. "ಏನ್ ಶ್ಯಾಣ್ಯಾರಿದ್ದೀರಿ ಬಿಡ್ರಿ ಬಾಯಾರ!"

ನಾನು ಉಸಿರು ಹಿಡಿಯುತ್ತೇನೆ.

"ನಿನ್ನ ಮೊಮ್ಮಗಳಲ್ಲಜ್ಜಾ, ಶ್ಯಾಣ್ಯಾಕಿ ಇರಬೇಕಲ್ಲ!"

ಅಪ್ಪನ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗುತ್ತದೆ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೋಳಿಗೆ ಮುರಿಯುತ್ತಾನೆ. ಅರ್ಧ ಅವಳ ಬಾಯಿಗೆ. ಉಳಿದರ್ಧ ಹಿಡಿದ ಕೈ ನನ್ನ ಕಡೆ ಬರುತ್ತದೆ.

"ಅಪ್ಪಾ," ಅನ್ನುತ್ತೇನೆ. ದನಿ ನನ್ನದೇ ಅನಿಸುವುದಿಲ್ಲ. "ಅವತ್ತ ಆ ಅಂಬಲಿ ಗಡಿಗಿ ಕಂಠಮಟ ತುಂಬಿದಾಂವ ನೀನ."

"ಯಾವ ಗಡಿಗ್ಯೋ?" ಅನ್ನುತ್ತಾನೆ ಅಪ್ಪ. ಹೋಳಿಗೆ ಹಿಡಿದ ಕೈ ಹಾಗೇ ಚಾಚಿದೆ.