ದಾರಿ ಹೇಳುವ ಮಗಳು



ನೀವು ಎಂದಾದರೂ ಲಗ್ನಪತ್ರಿಕೆ ಹಂಚಲು ಹೊರಟಿದ್ದೀರಾ? ಹೊರಟಿದ್ದರೆ ನಾನು ಈಗ ಹೇಳುವ ಮಾತು ನಿಮಗೆ ಅರ್ಧ ತಿಳಿದಂತೆಯೇ ಸರಿ.

ನನ್ನ ನಾದಿನಿಯ ಲಗ್ನ ಗೊತ್ತಾದಾಗ ನಾನು ಈ ಮನೆಗೆ ಬಂದು ಎರಡು ವರ್ಷವಾಗಿತ್ತು. ಒಂದು ದಿನದ ಮಟ್ಟಿಗೆ ಬಾಡಿಗೆ ಜೀಪು ಗೊತ್ತು ಮಾಡಿದ್ದರು. ಹಿಂದಿನ ರಾತ್ರಿ ನಮ್ಮ ಮಾವನವರು ಕಂದೀಲು ಹತ್ತಿರ ಎಳೆದುಕೊಂಡು ಪಟ್ಟಿ ಬರೆದರು. ಲಚ್ಯಾಣದಿಂದ ಇಂಡಿ, ಅಲ್ಲಿಂದ ಹೋರ್ತಿ, ಝಳಕಿ, ಚಡಚಣ, ಮತ್ತೆ ಮನೆ. ದಾರಿಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಪಟ್ಟಿಯಲ್ಲಿ ಚಹಾದ ಲೆಕ್ಕ ಇರಲಿಲ್ಲ! ಪತ್ರಿಕೆ ಕೊಟ್ಟು ಅಕ್ಷತೆ ಇಟ್ಟು ಎದ್ದು ಬರುತ್ತೇವೆಂದರೆ ಯಾವ ಮನೆಯವರು ಬಿಡುತ್ತಾರೆ ಹೇಳಿ? ಒಬ್ಬರು ಚಹಾ, ಒಬ್ಬರು ಅವಲಕ್ಕಿ, ಇನ್ನೊಬ್ಬರು “ರೊಟ್ಟಿ ತಿಂದss ಹೋಗ್ರಿ” ಎಂದು ಕೈ ಹಿಡಿದರು. ರಾತ್ರಿ ಹನ್ನೊಂದಕ್ಕೆ ಮನೆ ಸೇರಿದಾಗ ಚಡಚಣದ ಮೂರು ಮನೆ ಉಳಿದೇ ಹೋಗಿದ್ದವು. ಅದರಲ್ಲಿ ಒಂದು ಮನೆಯವರು ಇವತ್ತಿಗೂ ನನ್ನನ್ನು ಕಂಡರೆ ಆ ಮಾತು ಎತ್ತದೆ ಬಿಡುವುದಿಲ್ಲ.

ಇದನ್ನು ಏಕೆ ಹೇಳುತ್ತಿದ್ದೇನೆಂದು ಕೇಳುವಿರಾ? ನನ್ನ ಹಿರಿಯ ಮಗಳು ಮಾಡುತ್ತಿರುವ ಕೆಲಸವೇ ಇದು. ಅದನ್ನು ಅರಿಯಲು ಅವಳ ತಾಯಿಯಾದ ನನಗೆ ಎರಡು ವರ್ಷ ಬೇಕಾಯಿತು.

ಅವಳು ವಿಜಯಪುರದಲ್ಲಿ ಬಿ.ಸಿ.ಎ. ಮುಗಿಸಿ ಪುಣೆಯಲ್ಲಿ ಒಂದು ಕಂಪನಿ ಸೇರಿದಳು. “ಏನು ಕೆಲಸವಾ?” ಎಂದು ಕೇಳಿದರೆ, “ಸಾಮಾನು ಮುಟ್ಟಿಸೋ ಗಾಡಿಗಳಿಗೆ ಯಾವ ಮನಿ ಮೊದಲು, ಯಾವುದು ಆಮ್ಯಾಲ ಅಂತ ದಾರಿ ಹಾಕಿಕೊಡೋ ಸಾಫ್ಟ್‌ವೇರ್ ಐತವಾ. ಅದು ಕೆಟ್ಟರ, ಇಲ್ಲಾ ಮಂದಿಗೆ ತಿಳೀದಿದ್ದರ, ನಮಗ ಫೋನ್ ಮಾಡ್ತಾರ. ನಾವು ಸರಿ ಮಾಡಿಕೊಡ್ತೀವಿ” ಎಂದಳು. ಎಸ್.ಎಸ್.ಎಲ್.ಸಿ.ವರೆಗೆ ಓದಿದ ನನಗೆ ಇದರಲ್ಲಿ ತಿಳಿದದ್ದು ‘ಫೋನ್’ ಎಂಬ ಒಂದೇ ಶಬ್ದ. ನೆರೆಯವರು ಕೇಳಿದರೆ “ಇಂಜಿನಿಯರ್ ಇದ್ದಾಳ್ರಿ” ಎಂದು ಹೇಳಿ ಮಾತು ಮರೆಸುತ್ತಿದ್ದೆ. ನಾಚಿಕೆ ಎನ್ನಿ, ಅಜ್ಞಾನ ಎನ್ನಿ, ಎರಡೂ ಇತ್ತು.

ಯಾವ ಮನೆ ಮೊದಲು ಎಂಬುದಕ್ಕೂ ಕಂಪ್ಯೂಟರ್ ಬೇಕೆ ಎಂದು ನಾನೂ ನಕ್ಕಿದ್ದೆ. ಮಗಳು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಳು. 5 ಊರಿಗೆ ಹೋಗಬೇಕಾದರೆ 120 ಬಗೆಯಲ್ಲಿ ಸರದಿ ಹಾಕಬಹುದು. 10 ಊರಾದರೆ 36,28,800 ಬಗೆ. 15 ಆದರೆ 1 ಲಕ್ಷ 30 ಸಾವಿರ ಕೋಟಿಗೂ ಮಿಕ್ಕಿ! ಎಲ್ಲವನ್ನೂ ಒಂದೊಂದಾಗಿ ನೋಡುತ್ತ ಕೂತರೆ ಲಗ್ನ ಮುಗಿದು ಮೊಮ್ಮಕ್ಕಳಾದರೂ ಪತ್ರಿಕೆ ಹಂಚಿ ಮುಗಿಯದು.

ಈ ಲೆಕ್ಕವನ್ನು 1959ರಲ್ಲಿ ಅಮೆರಿಕೆಯ ಡ್ಯಾಂಟ್‌ಜಿಗ್ ಮತ್ತು ರ‍್ಯಾಮ್ಸರ್ ಎಂಬಿಬ್ಬರು ಬರೆದಿಟ್ಟರಂತೆ. ಪೆಟ್ರೋಲ್ ಬಂಕುಗಳಿಗೆ ಪೆಟ್ರೋಲ್ ಒಯ್ಯುವ ಟ್ಯಾಂಕರುಗಳ ಸಲುವಾಗಿ ಅವರು ಅದನ್ನು ಮಾಡಿದ್ದು. 1964ರಲ್ಲಿ ಕ್ಲಾರ್ಕ್ ಮತ್ತು ರೈಟ್ ಎಂಬವರು ಒಂದು ಸುಲಭದ ಉಪಾಯ ಹೇಳಿದರು. ಎರಡು ಮನೆಗೆ ಬೇರೆ ಬೇರೆ ಹೋಗಿ ಬರುವ ಬದಲು ಒಂದೇ ಸುತ್ತಿನಲ್ಲಿ ಮುಗಿಸಿದರೆ ಎಷ್ಟು ದಾರಿ ಉಳಿಯುತ್ತದೆ ನೋಡಿ, ಹೆಚ್ಚು ಉಳಿಸುವ ಜೋಡಿಯನ್ನು ಮೊದಲು ಕೂಡಿಸಿ. ಇಷ್ಟೇ! ಗಿರಣಿಗೆ ಹಿಟ್ಟು ಬೀಸಲು ಹಾಕಿ, ಅದು ಆಗುವಷ್ಟರಲ್ಲಿ ಕಿರಾಣಿ ಅಂಗಡಿ ಮುಗಿಸಿ ಬರುವ ನಾವು ಇದನ್ನು ಯಾವ ಪುಸ್ತಕದಲ್ಲಿ ಓದಿದ್ದೆವು?

ಇನ್ನು ಈ ಯಂತ್ರ ಎಲ್ಲಿ ಎಡವುತ್ತದೆ ಎಂಬುದು ನಮ್ಮ ಮನೆಯಲ್ಲೇ ಗೊತ್ತಾಗಿತ್ತು. ಒಮ್ಮೆ ಮಿಕ್ಸರಿನ ಜಾರು ಒಡೆದು ಹೊಸದನ್ನು ಪಾರ್ಸೆಲ್‌ನಲ್ಲಿ ತರಿಸಿದ್ದೆ. ವಿಳಾಸಕ್ಕೆ ಊರಿನ ಹೆಸರು, ಮನೆತನದ ಹೆಸರು, ‘ಹನುಮಪ್ಪನ ಗುಡಿ ಹಿಂದೆ’ ಎಂದಿಷ್ಟು ಬರೆಸಿದ್ದೆ. ಒಂದು ಮಧ್ಯಾಹ್ನ ನಮ್ಮವರ ಮೊಬೈಲಿಗೆ ‘ಬಂದಿದ್ದೆವು, ಬಾಗಿಲು ಹಾಕಿತ್ತು’ ಎಂದು ಸಂದೇಶ ಬಂತು. ನಾನೋ ಬಾಗಿಲು ತೆರೆದಿಟ್ಟು ಕಟ್ಟೆಯ ಮೇಲೆ ನಿಂಬೆಹಣ್ಣು ಆರಿಸುತ್ತ ಕೂತಿದ್ದೆ! ಆ ಹುಡುಗನಿಗೆ ಫೋನಿನಲ್ಲಿ ಚೆನ್ನಾಗಿ ಬೈದೆ. ಆಮೇಲೆ ಮಗಳು ಹೇಳಿದಳು: ನಕ್ಷೆಯಲ್ಲಿ ನಮ್ಮ ವಿಳಾಸಕ್ಕೆಂದು ಬಿದ್ದ ಚುಕ್ಕಿ ರೈಲ್ವೆ ಸ್ಟೇಷನ್ನಿನ ಹತ್ತಿರ ಇತ್ತಂತೆ. ಹುಡುಗ ಅಲ್ಲಿಗೆ ಹೋಗಿದ್ದ, ಅಲ್ಲಿದ್ದ ಯಾವುದೋ ಬಾಗಿಲು ಹಾಕಿತ್ತು. ಅವನೂ ಸುಳ್ಳು ಹೇಳಿರಲಿಲ್ಲ, ನಾನೂ ಸುಳ್ಳು ಹೇಳಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಜೀವಂತವಾಗಿ ಮೇಲೆತ್ತಿದಾಗ ಇಡೀ ನಾಡು ಲಚ್ಯಾಣದ ಹೆಸರು ಕೇಳಿತು. ಅಂಥ ಊರಿನಲ್ಲಿ ಒಂದು ಮಿಕ್ಸರ್ ಜಾರಿಗೆ ದಾರಿ ಸಿಗಲಿಲ್ಲ ನೋಡಿ!

ದಾರಿ ನಕ್ಷೆಯಲ್ಲಿದ್ದರೂ ನೆಲದ ಮೇಲೆ ಇರಬೇಕಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮೆಗೆ ಮಹಾಪೂರ ಬಂದದ್ದು ನಮ್ಮ ಕಡೆಯವರಿಗೆ ಮರೆಯುವಂಥದಲ್ಲ. ಹೊಳೆ ಏರಿದಾಗ ಬಾಂದಾರದ ಮೇಲಿನ ದಾರಿ ನೀರಲ್ಲಿ ಮುಳುಗಿರುತ್ತದೆ. ಯಾರಾದರೂ ಹೇಳುವತನಕ ಕಂಪ್ಯೂಟರ್ ಮಾತ್ರ ಅದನ್ನೇ ಹತ್ತಿರದ ದಾರಿ ಎಂದು ತೋರಿಸುತ್ತಿರುತ್ತದೆ. ಹಾಗೆ ಹೇಳುವವರ ಮಾತು ಕೇಳಿಸಿಕೊಳ್ಳುವುದೇ ನನ್ನ ಮಗಳ ಕೆಲಸ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

2025ರ ದಸರೆಗೆ ಮಗಳು ಹದಿನೈದು ದಿನ ಊರಿಗೆ ಬಂದಿದ್ದಳು. ಮನೆಯಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತ್ತು. ಆ ಸಮಯದಲ್ಲೇ ವಿಜಯಪುರದ ಕಡೆಯಿಂದ ಒಂದು ಗಂಡಿನವರು ನೋಡಲು ಬಂದರು. ಒಳ್ಳೆಯ ಮನೆತನ, ಹುಡುಗನೂ ಒಳ್ಳೆಯವನು. ಮಾತಿನ ನಡುವೆ ಹುಡುಗನ ಸೋದರತ್ತೆ ಕೇಳಿದರು: “ರಾತ್ರಿಯೆಲ್ಲಾ ಎಚ್ಚರ ಇದ್ದು ಫೋನ್ ಎತ್ತೋ ಕೆಲಸಂತ ಹೌದೇನ್ರಿ? ಅದಕ್ಕ ಇಷ್ಟ್ಯಾಕ ಓದಿಸಿದ್ರಿ?” ಅವರು ನಗುತ್ತಲೇ ಕೇಳಿದರು. ನಾನೂ ನಕ್ಕೆ. ನಕ್ಕು, “ಲಗ್ನ ಆದಮ್ಯಾಲ ಬಿಡ್ತಾಳ ಬಿಡ್ರಿ, ಅದೇನ್ ಮಹಾ ಕೆಲಸ” ಎಂದುಬಿಟ್ಟೆ.

ಚಹಾದ ತಟ್ಟೆ ಹಿಡಿದು ಮಗಳು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕೇಳಿಸಿಕೊಂಡಳು. ತಟ್ಟೆ ತಂದಿಟ್ಟಳು, ಎಲ್ಲರಿಗೂ ನಮಸ್ಕಾರ ಮಾಡಿದಳು. ಅವರು ಹೋದ ಮೇಲೆ ನನ್ನೊಡನೆ ಎರಡು ದಿನ ಬೇಕಾದಷ್ಟು ಮಾತ್ರ ಮಾತಾಡಿದಳು. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು.

ಮೂರನೆಯ ರಾತ್ರಿ. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ನಮ್ಮ ಮಾಳಿಗೆಯ ಮೇಲೆ ಮಾತ್ರ. ಅವಳು ಚಾಪೆ ಹಾಸಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಒಬ್ಬಳೇ ಇದ್ದಾಳೆಂದು ನಾನು ಚಹಾ ತೆಗೆದುಕೊಂಡು ಮೇಲೆ ಹೋದೆ. ಹತ್ತು ಗಂಟೆಯ ಸುಮಾರು. ಅಮೆರಿಕೆಯ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ ಒಂಬತ್ತೂವರೆಯಂತೆ. ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ ಕೇಳುತ್ತಿತ್ತು. ಇಂಗ್ಲಿಷ್ ನನಗೆ ಅಷ್ಟಾಗಿ ತಿಳಿಯದು. ಆದರೆ ಅಳು ತಡೆದು ಮಾತಾಡುವ ಧ್ವನಿ ಯಾವ ಭಾಷೆಯಲ್ಲಿದ್ದರೂ ನಮಗೆ ತಿಳಿಯುತ್ತದೆ, ಅಲ್ಲವೇ?

ಅಲ್ಲಿ ಒಂಟಿಯಾಗಿರುವ ವೃದ್ಧರ ಮನೆಗೆ ಬಿಸಿ ಊಟ ಮುಟ್ಟಿಸುವ ಒಂದು ಸಣ್ಣ ಸಂಸ್ಥೆಯಂತೆ. ಒಂದು ಗಾಡಿ, 20 ಮನೆ. ಹತ್ತೂವರೆಗೆ ಹೊರಟು ಒಂದು ಗಂಟೆಯೊಳಗೆ ಎಲ್ಲರಿಗೂ ಮುಟ್ಟಿಸಬೇಕು. ಅಂದು ಬೆಳಿಗ್ಗೆ ಕಂಪ್ಯೂಟರ್ ಹಾಕಿಕೊಟ್ಟ ಪಟ್ಟಿಯಲ್ಲಿ 8 ಮನೆ ಮಾತ್ರ ಇದ್ದವು. ಉಳಿದ 12 ಮನೆ ‘ಆಗುವುದಿಲ್ಲ’ ಎಂದು ಕೆಳಗೆ ಬಿದ್ದಿದ್ದವು. ಅವರಲ್ಲಿ ಸಕ್ಕರೆ ಕಾಯಿಲೆಯವರೂ ಇದ್ದರು. ಹೊರಡಲು ಒಂದೇ ತಾಸು.

ಮಗಳು ಗಾಬರಿಯಾಗಲಿಲ್ಲ. ನಿಧಾನವಾಗಿ ಒಂದೊಂದೇ ಕೇಳಿದಳು. ಗಾಡಿ ಬದಲಾಯಿತೇ? ಡ್ರೈವರನ ಹೊತ್ತು ಬದಲಾಯಿತೇ? ನಿನ್ನೆ ಏನಾದರೂ ತಿದ್ದಿದಿರಾ? ಕೊನೆಗೆ ಆ ಹೆಂಗಸು ಹೇಳಿದಳು: “ಊಟ ಕೊಟ್ಟು ಓಡಿ ಬರಬೇಡಿ, ಮುದುಕರು ನಾಲ್ಕು ಮಾತಾಡಲು ಕಾಯುತ್ತಿರುತ್ತಾರೆ ಎಂದು ಡ್ರೈವರ್ ಹೇಳಿದ. ಅದಕ್ಕೆ ಒಂದೊಂದು ಮನೆಗೆ 5 ನಿಮಿಷ ಇದ್ದದ್ದನ್ನು 15 ಮಾಡಿದೆ.”

ಅಷ್ಟೇ ಆಗಿದ್ದು! ಎರಡೂವರೆ ತಾಸಿನಲ್ಲಿ ಮನೆಗೆ 15 ನಿಮಿಷದಂತೆ 20 ಮನೆ ಆಗುವುದಿಲ್ಲ. ಯಂತ್ರ ಲೆಕ್ಕ ಹಾಕಿ, ಆಗುವಷ್ಟು ಇಟ್ಟುಕೊಂಡು, 12 ಜನರ ಊಟವನ್ನು ಬಿಟ್ಟಿತು. ಅದರ ಲೆಕ್ಕದಲ್ಲಿ ತಪ್ಪಿಲ್ಲ, ಆ ಹೆಂಗಸಿನ ಮನಸ್ಸಿನಲ್ಲೂ ತಪ್ಪಿಲ್ಲ.

‘ಮತ್ತೆ 5 ಮಾಡಿ’ ಎಂದು ಹೇಳಿ ಮಗಳು ಫೋನ್ ಇಡಬಹುದಿತ್ತು. ಇಡಲಿಲ್ಲ. “ಇವರಲ್ಲಿ ಯಾರು ತೀರ ಒಂಟಿ? ಯಾರಿಗೆ ಬಾಗಿಲವರೆಗೆ ಬರಲು ಹೊತ್ತು ಬೇಕು?” ಎಂದು ಕೇಳಿದಳು. ಅಂಥ 2 ಮನೆಗೆ 15 ನಿಮಿಷ ಇಟ್ಟು, ಉಳಿದವಕ್ಕೆ 5 ಮಾಡಿಸಿದಳು. ಆದರೂ ಹೊತ್ತು ಸಾಲಲಿಲ್ಲ. ಸಂಸ್ಥೆಯ ಹತ್ತಿರದ 3 ಮನೆಗೆ ತಾನೇ ತನ್ನ ಕಾರಿನಲ್ಲಿ ಒಯ್ಯುತ್ತೇನೆ ಎಂದಳು ಆ ಹೆಂಗಸು. ಮಗಳು ಮತ್ತೆ ಲೆಕ್ಕ ಹಾಕಿಸಿದಳು. ಉಳಿದ 17 ಮನೆಯೂ ಪಟ್ಟಿಯಲ್ಲಿ ಬಂದವು. ಆ ಕಡೆಯ ಧ್ವನಿ ಒಂದು ಕ್ಷಣ ಸುಮ್ಮನಾಯಿತು, ಆಮೇಲೆ ‘ಥ್ಯಾಂಕ್ ಯೂ’ ಎಂದಿತು. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ.

ಚಹಾ ಆರಿಹೋಗಿತ್ತು. ಮಗಳು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ನನಗೆ ಮಾವನವರ ಪಟ್ಟಿ, ಆ ಜೀಪು, ಚಡಚಣದ ಮೂರು ಮನೆ ನೆನಪಾದವು. “ಅವರೂ ಚಹಾದ ಲೆಕ್ಕಾನss ತಪ್ಪಿದ್ದರೇನವಾ?” ಎಂದೆ. ಎರಡು ದಿನದ ಮೇಲೆ ಅವಳು ನಕ್ಕಳು. “ಹೂಂ ಯವ್ವಾ. ದಾರಿ ಲೆಕ್ಕ ಯಂತ್ರ ಹಾಕ್ತೈತಿ. ಚಹಾದ ಲೆಕ್ಕ ಮನಷ್ಯಾರss ಹೇಳಬೇಕು. ಅದನ್ನ ಕೇಳಿ ತಿಳಕೊಳ್ಳೋದು ನನ್ನ ಕೆಲಸ.”

ಸೋದರಿಯರೇ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ಯಾರಿಗೆ ಮೊದಲು ಉಣಬಡಿಸಬೇಕು, ಯಾರಿಗೆ ಔಷಧಿಯ ಹೊತ್ತು, ಯಾರ ಹತ್ತಿರ ಎರಡು ನಿಮಿಷ ಹೆಚ್ಚು ಕೂರಬೇಕು ಎಂದು ನಾವು ದಿನಾ ಲೆಕ್ಕ ಹಾಕುತ್ತೇವೆ. ಆ ಕೆಲಸಕ್ಕೆ ಬೆಲೆ ಇಲ್ಲವೆಂದು ಯಾರಾದರೂ ಅಂದರೆ ನಮಗೆ ನೋಯುತ್ತದೆ. ಅದೇ ಮಾತನ್ನು ನಾನು ನನ್ನ ಮಗಳ ಕೆಲಸಕ್ಕೆ, ಹೊರಗಿನವರ ಮುಂದೆ ಹೇಳಿಬಿಟ್ಟಿದ್ದೆನಲ್ಲ!

ದೂರದ ಮಾತು ಬಿಡಿ. ನಮ್ಮವರು ಬೆಳೆಯುವುದು ನಿಂಬೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿ ನಿಂಬೆ 2025ರ ಆಗಸ್ಟ್‌ನಲ್ಲಿ 3 ಟನ್‌ನಷ್ಟು ದುಬೈ ಇರುವ ಆ ಯುಎಇ ದೇಶಕ್ಕೆ ಹೋಯಿತೆಂದು ಪತ್ರಿಕೆಯಲ್ಲಿ ಬಂದಾಗ ಮನೆಮಂದಿಯೆಲ್ಲ ಹಿಗ್ಗಿದೆವು. ಗಿಡದಿಂದ ಕಿತ್ತ ಹಣ್ಣು ಬಾಡುವ ಮುನ್ನ ಮುಟ್ಟಬೇಕಾದರೆ ನಡುವೆ ಎಲ್ಲೋ ಯಾರೋ ಗಾಡಿಯ ಲೆಕ್ಕ ಹಾಕಿರಲೇಬೇಕು. ನಮ್ಮ ಅನ್ನಕ್ಕೂ ಆ ಕೆಲಸಕ್ಕೂ ನಂಟು ಇದೆ.

ನಿಮಗೆ ಉಪಯೋಗವಾಗುವ ನಾಲ್ಕು ಮಾತನ್ನು ಮಗಳಿಂದ ಕೇಳಿ ಬರೆಯುತ್ತಿದ್ದೇನೆ. ಪಾರ್ಸೆಲ್ ತರಿಸುವಾಗ ಬರೀ ಊರಿನ ಹೆಸರು ಸಾಲದು. ಪಿನ್ ಕೋಡ್ ತಪ್ಪದೆ ಬರೆಯಿರಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಅಂಕಿ ಇಂದಿಗೂ ದಾರಿಯ ಮೊದಲ ಮೆಟ್ಟಿಲು. ನಮ್ಮ ಜಿಲ್ಲೆಯದು 586ರಿಂದ ಶುರುವಾಗುತ್ತದೆ. ಗುಡಿ, ಶಾಲೆ, ನೀರಿನ ಟಾಕಿ ಹೀಗೆ ಎಲ್ಲರಿಗೂ ಗೊತ್ತಿರುವ ಗುರುತು ಬರೆಯಿರಿ. ಹಗಲು ಮನೆಯಲ್ಲಿರುವವರ ಫೋನ್ ನಂಬರನ್ನೇ ಕೊಡಿ. ಹೊಲದಲ್ಲಿರುವ ಯಜಮಾನರ ನಂಬರ್ ಕೊಟ್ಟರೆ ನನ್ನ ಮಿಕ್ಸರ್ ಜಾರಿನ ಗತಿಯೇ! ನಕ್ಷೆಯ ಚುಕ್ಕಿಯನ್ನು ನಿಮ್ಮ ಮನೆಯ ಮೇಲೆ ಸರಿಸಿ ಇಡಲು ಮಕ್ಕಳಿಗೆ ಹೇಳಿ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ‘ಡಿಜಿಪಿನ್’ ಎಂಬುದನ್ನೂ ತಂದಿದೆ. ಸುಮಾರು 4 ಮೀಟರ್ ಉದ್ದಗಲದ ಒಂದೊಂದು ಜಾಗಕ್ಕೂ 10 ಅಕ್ಷರ-ಅಂಕಿಗಳ ಬೇರೆ ಬೇರೆ ಗುರುತು. ಅಂದರೆ ನಮ್ಮ ಅಂಗಳಕ್ಕೊಂದು, ಹಿತ್ತಲಿಗೊಂದು! ಪಿನ್ ಕೋಡ್ ಇದರಿಂದ ಹೋಗುವುದಿಲ್ಲ, ಇದು ಅದರ ಜೊತೆಗೆ. ಎಲ್ಲಕ್ಕಿಂತ ಮಿಗಿಲಾಗಿ, ದಾರಿ ತಪ್ಪಿದ ಹುಡುಗ ಫೋನ್ ಮಾಡಿದರೆ ಬೈಯಬೇಡಿ. ಅವನ ಕೈಯಲ್ಲಿರುವ ಯಂತ್ರ ತಪ್ಪು ಹೇಳಿರಬಹುದು. ಸರಿ ದಾರಿ ಹೇಳಲು ಆ ಹೊತ್ತಿಗೆ ನೀವೊಬ್ಬರೇ ಇರುತ್ತೀರಿ.

ಮರುದಿನ ನಾನು ವಿಜಯಪುರದವರಿಗೆ ಫೋನ್ ಮಾಡಿದೆ. “ಅವತ್ತ ನಾ ಹೇಳಿದ್ದು ತಪ್ಪಾತ್ರಿ. ಮಗಳು ಕೆಲಸ ಬಿಡೂದಿಲ್ಲ. ಅದು ಬರೇ ಫೋನ್ ಎತ್ತೋ ಕೆಲಸ ಅಲ್ಲ” ಎಂದು, ಆ 12 ಮನೆಯ ಕಥೆಯನ್ನು ಹೇಳಿದೆ. ಸೋದರತ್ತೆಯವರು ಪೂರ್ತಿ ಕೇಳಿಸಿಕೊಂಡರು. “ಮನ್ಯಾಗ ಮಾತಾಡಿ ಹೇಳ್ತೀವ್ರಿ” ಎಂದರು.

ಇನ್ನೂ ಅವರ ಉತ್ತರ ಬಂದಿಲ್ಲ. ಬಂದರೂ ಸರಿ, ಬಾರದಿದ್ದರೂ ಸರಿ. ನಾನು ಫೋನ್ ಇಟ್ಟು ತಿರುಗಿದಾಗ ಮಗಳು ಅಡಿಗೆಮನೆಯ ಬಾಗಿಲಲ್ಲಿ, ಅಂದು ತಟ್ಟೆ ಹಿಡಿದು ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಈ ಸಲವೂ ಕೇಳಿಸಿಕೊಂಡಿದ್ದಳು. “ಯವ್ವಾ, ಚಹಾ ಮಾಡ್ಲ್ಯಾ?” ಎಂದಳು.