ಹನಿ ನೀರು

ಕಾರಿನ ಮುಂಗಾಜಿಗೆ ನೀರು ಚಿಮ್ಮಿಸುವ ಸಾಧನವನ್ನು ನಾನು ಬಹುಕಾಲ ಬರಿಯ ಶೋಕಿಯೆಂದೇ ಭಾವಿಸಿದ್ದೆ. ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನೆಳೆದು ಅದನ್ನು ಬಳಸುತ್ತಿದ್ದವನು ನನ್ನ ಮಗ, ಅದೂ ಆಟಕ್ಕೆ.

ಕಳೆದ ಆಶ್ವಯುಜದ ಒಂದು ಸಂಜೆ ಸಕಲೇಶಪುರ ದಾಟಿ ಶಿರಾಡಿ ಘಾಟಿಯನ್ನಿಳಿಯುತ್ತಿದ್ದೆವು. ಮಳೆ ಆಗತಾನೇ ನಿಂತಿತ್ತು. ಪಡುವಣ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿತ್ತು. ಮುಂದಿನ ಲಾರಿಯ ಗಾಲಿಗಳು ಕೆಸರೆರಚಿದವು. ಕಡ್ಡಿಯನ್ನೆಳೆದೆ. ಮೋಟರು ಗೊರಗುಟ್ಟಿತೇ ಹೊರತು ಹನಿ ನೀರು ಬರಲಿಲ್ಲ. ಒಣ ವೈಪರು ಕೆಸರನ್ನು ಒರೆಸುವುದರ ಬದಲು, ಸಗಣಿ ಸಾರಿಸಿದಂತೆ, ಗಾಜಿಗೆಲ್ಲ ಬಳಿಯಿತು. ಆ ಬಿಸಿಲಿಗೆ ಗಾಜೇ ಹೊಂಬಣ್ಣದ ಗೋಡೆಯಾಯಿತು! ರಸ್ತೆ ಯಾವುದು, ಕಣಿವೆ ಯಾವುದು?

“ರೀ, ನಿಲ್ಲಿಸಿ!” ಎಂದು ನನ್ನಾಕೆ ಚೀರಿದಳು. ಕಿಟಕಿಯಿಂದ ತಲೆ ಹೊರಚಾಚಿ, ಹೇಗೋ ಬದಿಗೆ ತಂದು ನಿಲ್ಲಿಸಿದೆ. ಕುಡಿಯಲೆಂದು ತಂದಿದ್ದ ನೀರೆಲ್ಲ ಗಾಜಿಗಾಯಿತು. ಹಿಂದಿನ ಸೀಟಿನಲ್ಲಿ ಮಗ ತಲೆತಗ್ಗಿಸಿ ಕುಳಿತಿದ್ದ. ತಪ್ಪು ಅವನದೇ? ಬಾನೆಟ್ಟಿನ ಕೆಳಗಿನ ಆ ಪುಟ್ಟ ತೊಟ್ಟಿಯ ಮುಚ್ಚಳವನ್ನು ತಿಂಗಳುಗಟ್ಟಲೆ ತೆರೆಯದಿದ್ದವನು ನಾನು.

“ನೀರಿಲ್ಲದೆ ಎಳೀತಾ ಇದ್ರೆ ಪಂಪು ಸುಟ್ಟುಹೋಗುತ್ತೆ, ಸಾರ್” ಎಂದ ಮೆಕ್ಯಾನಿಕ್. ತುಂಬಿದ ಮೇಲೂ ಒಂದು ತೂತಿನಿಂದ ನೀರು ಚಿಮ್ಮಲಿಲ್ಲ. ಹಿಂದೆ ನಾನು ಹಾಕಿದ್ದ ಕೊಳವೆಬಾವಿಯ ಗಡಸುನೀರು ಅಲ್ಲಿ ಸುಣ್ಣದಂತೆ ಕಟ್ಟಿಕೊಂಡಿತ್ತು. ಆತ ಸೂಜಿಮೊನೆಯಿಂದ ಅದನ್ನು ಬಿಡಿಸಿ, ಸವೆದಿದ್ದ ವೈಪರಿನ ರಬ್ಬರನ್ನೂ ಬದಲಿಸಿದ.

ಈಗ ಭಾನುವಾರ ಶೋಧಿಸಿದ ನೀರನ್ನು ತುಂಬುವ ಕೆಲಸ ಮಗನದು. ತುಂಬಿದೊಡನೆ ಪರೀಕ್ಷೆಗೆಂದು ಒಮ್ಮೆ ಚಿಮ್ಮಿಸುತ್ತಾನೆ. ನಾನು ಬೇಡವೆನ್ನುವುದಿಲ್ಲ.