ಇಪ್ಪತ್ಮೂರು ಕಿಲೋ ಕರ್ನಾಟಕ

ಹೊರದೇಶದಲ್ಲಿರುವ ಕನ್ನಡಿಗರ ಮನೆಯಲ್ಲಿ ದೇವರ ಪಟ, ಪ್ರೆಶರ್ ಕುಕ್ಕರ್‌ಗಳ ಜೊತೆ ಇರಲೇಬೇಕಾದ ಮತ್ತೊಂದು ವಸ್ತುವೆಂದರೆ ಸೂಟ್‌ಕೇಸ್ ತೂಗುವ ತಕ್ಕಡಿ. ವೃತ್ತಿಯಿಂದ ನಾನು ವೈದ್ಯ. ಬ್ರಿಟನ್ನಿನ ಆಸ್ಪತ್ರೆಯೊಂದರಲ್ಲಿ ವಾರವಿಡೀ ಮಧುಮೇಹದ ರೋಗಿಗಳಿಗೆ ‘ತೂಕ ಇಳಿಸಿ, ಸಿಹಿ ಬಿಡಿ’ ಎಂದು ಉಪದೇಶ ಮಾಡುವವನು. ಆದರೆ ಧಾರವಾಡದಿಂದ ಹೊರಡುವ ಹಿಂದಿನ ರಾತ್ರಿ 23 ಕಿಲೋ ಮಿತಿಯ ಸೂಟ್‌ಕೇಸು 26 ತೋರಿಸುತ್ತಿದ್ದರೆ, ಅದರೊಳಗಿನ ಸಿಹಿ ಬಿಡುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಅಂಗಿಗಳು ಹೊರಬೀಳುತ್ತವೆ, ಪುಸ್ತಕಗಳು ಹೊರಬೀಳುತ್ತವೆ, ಶೇಂಗಾ ಉಂಡಿ ಮಾತ್ರ ಒಳಗೇ ಕೂತಿರುತ್ತದೆ!

ನಮ್ಮ ನಾಡಿನ ಭೂಪಟವನ್ನು ತಿಂಡಿಗಳಿಂದಲೇ ಬರೆಯಬಹುದು. ಮೈಸೂರಿಗೆ ಪಾಕ, ಮದ್ದೂರಿಗೆ ವಡೆ, ಬೆಳಗಾವಿಗೆ ಕುಂದಾ, ಗೋಕಾಕ ಮತ್ತು ಅಮೀನಗಡಕ್ಕೆ ಕರದಂಟು, ಮಲೆನಾಡಿಗೆ ತೊಡೆದೇವು, ನಮ್ಮ ಧಾರವಾಡಕ್ಕೆ ಪೇಡ. ಮೈಸೂರು ಪಾಕ ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಕೈಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. ಧಾರವಾಡದ ಪೇಡವಂತೂ ವಲಸೆ ಬಂದ ತಿಂಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಅಂಜಿ ಬಂದ ಠಾಕೂರ್ ಮನೆತನ ಇಲ್ಲಿ ಪೇಡ ಮಾಡತೊಡಗಿತೆಂಬ ಕಥೆ ನಮ್ಮೂರಿನ ಹುಡುಗರಿಗೆಲ್ಲ ಗೊತ್ತು. ಮಥುರೆಯ ಪೇಡಕ್ಕೆ ದಾಯಾದಿಯಾದ ಅದು ಇಂದು ‘ಧಾರವಾಡ’ ಎಂಬ ಹೆಸರಿನ ಮೇಲೆಯೇ ಭೌಗೋಳಿಕ ಸೂಚಿಕೆ ಪಡೆದಿದೆ. ಹೊರಗಿನಿಂದ ಬಂದು ಊರಿನವರೇ ಆಗಿಬಿಡುವುದು ಹೇಗೆಂದು ನಾವು ಪೇಡವನ್ನು ನೋಡಿ ಕಲಿಯಬೇಕು, ಅಲ್ಲವೇ?

ದುರ್ದೈವವೆಂದರೆ ಈ ಪೇಡ ನಾನಿರುವ ದೇಶಕ್ಕೆ ಬರುವಂತಿಲ್ಲ. ಭಾರತದಿಂದ ಬ್ರಿಟನ್ನಿಗೆ ಬರುವವರು ಹಾಲು, ಹಾಲಿನ ಪದಾರ್ಥಗಳನ್ನು ಸ್ವಂತ ಬಳಕೆಗೂ ತರಬಾರದೆಂಬುದು ನಿಯಮ. ಪೇಡ, ಕುಂದಾ ಎರಡೂ ಹಾಲನ್ನೇ ಬತ್ತಿಸಿ ಕಂದಾಗಿಸಿದವು. ‘ಇವರಿಗೇನು ಗೊತ್ತು ರುಚಿ’ ಎಂದು ಗೊಣಗುವ ಮೊದಲು 2001ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷ ಕಾಲುಬಾಯಿ ಜ್ವರ ಹಬ್ಬಿ ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಲ್ಲಬೇಕಾಯಿತು. ಸೋಂಕು ತಡೆಯುವ ಕೆಲಸದಲ್ಲಿರುವ ನನಗೆ ಈ ನಿಯಮದ ಮೇಲೆ ಸಿಟ್ಟು ಬರುವುದಿಲ್ಲ. ಹಾಗಾಗಿ ಪೇಡವನ್ನು ಲೈನ್ ಬಜಾರಿನ ಸರದಿಯಲ್ಲಿ ನಿಂತು ಕೊಂಡು, ಅಲ್ಲಿಯೇ ಹೊಟ್ಟೆಯಲ್ಲಿ ತುಂಬಿಕೊಂಡು ಬರುತ್ತೇನೆ. ಹೊಟ್ಟೆಯನ್ನು ಯಾವ ಕಸ್ಟಮ್ಸಿನವರೂ ತೆರೆಸುವುದಿಲ್ಲ. ತುಪ್ಪದ ತಿಂಡಿ ತರುವವರು ಮೊದಲು ಸರ್ಕಾರದ ಪಟ್ಟಿ ನೋಡಿಕೊಳ್ಳುವುದು ಲೇಸು. ಇನ್ನೊಂದು ಮಾತು: ದುಬೈ ಮೂಲಕ ಬರುವವರು ಗಸಗಸೆ ತರಬೇಡಿ. ನಮಗದು ಪಾಯಸದ ಸಾಮಾನು, ಅಲ್ಲಿಯ ಕಾನೂನಿಗೆ ಮಾದಕವಸ್ತು. ಕರದಂಟಿಗೂ ಗಸಗಸೆ ಹಾಕುವವರಿದ್ದಾರೆ, ಕೇಳಿ ಕೊಳ್ಳಿ.

ಬರಬಹುದಾದವು ಯಾವುವು? ನೀರಿನ ಅಂಶ ಕಡಿಮೆ ಇರುವವು. ಚಕ್ಕಲಿ, ಕೋಡಬಳಿ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಬೆಲ್ಲದ ಶೇಂಗಾ ಉಂಡಿ. ಬೂಷ್ಟು ಬೆಳೆಯಲು ನೀರು ಬೇಕು. ಹುರಿದು, ಕರಿದು, ಒಣಗಿಸಿ ಆ ನೀರನ್ನು ನಮ್ಮ ಅಜ್ಜಿಯಂದಿರು ಮೊದಲೇ ಓಡಿಸಿಬಿಟ್ಟಿದ್ದರು. ಬುತ್ತಿ ಕಟ್ಟಿ ವಾರಗಟ್ಟಲೆ ಜಾತ್ರೆಗೆ ನಡೆದುಹೋದವರ ತಿಂಡಿಗಳಿವು, ಹತ್ತು ತಾಸಿನ ವಿಮಾನ ಇವಕ್ಕೆ ಯಾವ ಲೆಕ್ಕ!

ರಜೆ ಮುಗಿಸಿ ಬಂದವರು ಸಹೋದ್ಯೋಗಿಗಳಿಗೆ ಏನಾದರೂ ತಿನ್ನಲು ತರುವುದು ಇಲ್ಲಿಯ ಆಸ್ಪತ್ರೆಗಳಲ್ಲಿ ರೂಢಿ. ನಾನು ಡಬ್ಬಿಯ ಮೇಲೆ ‘ಶೇಂಗಾ ಇದೆ’ ಎಂದು ದಪ್ಪಕ್ಷರದಲ್ಲಿ ಬರೆದಂಟಿಸಿ ಟೀ ರೂಮಿನಲ್ಲಿ ಇಡುತ್ತೇನೆ. ಅಲರ್ಜಿಯ ಭಯ ವೈದ್ಯನಿಗಲ್ಲದೆ ಇನ್ನಾರಿಗೆ? ಚಕ್ಕಲಿ ನೋಡಿದ ಕೇರಳದ ಸಿಸ್ಟರ್ ‘ಇದು ನಮ್ಮ ಮುರುಕ್ಕು’ ಎನ್ನುತ್ತಾರೆ. ವಾದ ಮುಗಿಯುವುದರೊಳಗೆ ಡಬ್ಬಿ ಖಾಲಿ.

ಈಗ ಲಂಡನ್ನಿನ ಅಂಗಡಿಗಳಲ್ಲಿ ಚಕ್ಕಲಿ ಧಾರಾಳವಾಗಿ ಸಿಗುತ್ತದೆ. ಮತ್ತೇಕೆ ಹೊತ್ತು ತರಬೇಕು? ನಮ್ಮಣ್ಣನದೂ ಇದೇ ಪ್ರಶ್ನೆ. ಅವ್ವನಿಗೆ ಈಗ 82. ಮಂಡಿ ನೋವು, ಜೊತೆಗೆ ಸಕ್ಕರೆ ಕಾಯಿಲೆ. ನಾನು ಹೊರಡುವ ಹದಿನೈದು ದಿನ ಮೊದಲೇ ಅವಳ ಕಾರ್ಖಾನೆ ಶುರುವಾಗುತ್ತದೆ. “ಅಂಗಡ್ಯಾಗ ತರೂಣು ಬಿಡವ್ವಾ” ಎಂದು ಅಣ್ಣ ಹೇಳಿದರೆ, “ಅಂಗಡ್ಯಾಗ ಸಿಗೂದು ಅಂಗಡಿಯವರ ಚಕ್ಕಲಿ. ನನ್ನ ಮೊಮ್ಮಗಳಿಗೆ ನಾ ಮಾಡಿದ್ದ ಬೇಕು” ಎನ್ನುತ್ತಾಳೆ. ಡಾಕ್ಟರ್ ಮಗನಾಗಿ ಅವಳನ್ನು ನಿಲ್ಲಿಸಬೇಕೆ? ನಾನು ನಿಲ್ಲಿಸಲಿಲ್ಲ. ಆ ಹದಿನೈದು ದಿನ ಅವಳು ನಸುಕಿನಲ್ಲೇ ಏಳುತ್ತಾಳೆ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾಳೆ, ಓಣಿಯ ಹೆಂಗಸರನ್ನೆಲ್ಲ ಕರೆದು ಕೆಲಸ ಹಚ್ಚುತ್ತಾಳೆ. ನನ್ನ ಯಾವ ಔಷಧಿಯೂ ಅವಳನ್ನು ಹೀಗೆ ಓಡಾಡಿಸಿಲ್ಲ. ಈಗಿನ ಒಪ್ಪಂದವಿಷ್ಟು: ಅವ್ವ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡಬೇಕು, ವೈನಿ ನಾದಬೇಕು, ಎಣ್ಣೆಯ ಮುಂದೆ ನಾನು ನಿಲ್ಲಬೇಕು.

2023ರ ಡಿಸೆಂಬರಿನಲ್ಲಿ ನನ್ನ ಮಗಳೂ ಬಂದಿದ್ದಳು. ಇಲ್ಲಿಯೇ ಹುಟ್ಟಿದವಳು, ಕನ್ನಡ ಮಾತಾಡುತ್ತಾಳೆ, ಓದಲು ಬಾರದು. ಅವಳು ಡಿಜಿಟಲ್ ತಕ್ಕಡಿ ಹಿಡಿದು ಅಜ್ಜಿಯ ಪಕ್ಕ ಕೂತಳು. “ಎಷ್ಟು ಹಿಟ್ಟು, ಆಯಿ?” “ಅಂದಾಜಲೇ ಹಾಕೂದು.” “ಅಂದಾಜು ಅಂದ್ರೆ ಎಷ್ಟು ಗ್ರಾಂ?” ಅವ್ವ ನಕ್ಕು ಮುಟಗಿ ತುಂಬ ಹಿಟ್ಟು ಕೊಟ್ಟಳು. ಮಗಳು ತೂಗಿದಳು: 62. ಮತ್ತೊಂದು ಮುಟಗಿ: 60. ಮೂರನೆಯದು: 61. ನಮ್ಮ ಲ್ಯಾಬಿನವರೂ ಮೆಚ್ಚಬೇಕಾದ ಲೆಕ್ಕ! ಹಿಟ್ಟು ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಎಂಬುದನ್ನು ಮಾತ್ರ ಗ್ರಾಮಿನಲ್ಲಿ ಬರೆಯಲಾಗಲಿಲ್ಲ. ಅಜ್ಜಿಯ ಕಿವಿ ಮುಟ್ಟಿ ನೋಡಿ, ‘ಕಿವಿ’ ಎಂದೇ ಇಂಗ್ಲಿಷಿನಲ್ಲಿ ಬರೆದುಕೊಂಡಳು.

ಮರುವರ್ಷದ ದೀಪಾವಳಿಗೆ ನಮ್ಮ ಮನೆಯಲ್ಲಿ ಮಗಳೇ ಚಕ್ಕಲಿ ಮಾಡಿದಳು. ಫೋನಿನ ಹತ್ತಿರ ಒಂದನ್ನು ಮುರಿದು ಅಜ್ಜಿಗೆ ಸದ್ದು ಕೇಳಿಸಿದಳು. ಐದು ಸಾವಿರ ಮೈಲಿಯಾಚೆಯಿಂದ, ಸ್ಟೆತಸ್ಕೋಪ್ ಇಲ್ಲದೆ, ಅವ್ವ ರೋಗ ಹೇಳಿಬಿಟ್ಟಳು: “ಇನ್ನಷ್ಟ ಸಣ್ಣ ಉರಿ ಮ್ಯಾಲ ಕರೀಬೇಕಿತ್ತು, ಮಗಳ.”

ಆದ್ದರಿಂದ ಓದುಗ ಮಿತ್ರರೇ, ಮುಂದಿನ ಸಲ ಊರಿಗೆ ಹೋದಾಗ ಡಬ್ಬಿಗಳನ್ನು ಧಾರಾಳವಾಗಿ ತನ್ನಿ, ಹಂಚಿ ತಿನ್ನಿ. ಸಕ್ಕರೆ ಕಾಯಿಲೆಯವರು ಒಂದೇ ಉಂಡಿ, ಅದೂ ಅರ್ಧ! ಜೊತೆಗೆ ಮನೆಯ ಹಿರಿಯರ ಕೈ ಅಳತೆಯನ್ನೂ ಮಕ್ಕಳ ಕೈಯಲ್ಲಿ ಬರೆಸಿಕೊಂಡು ಬನ್ನಿ. ಅದಕ್ಕೆ ತೂಕದ ಮಿತಿಯಿಲ್ಲ, ಯಾವ ದೇಶದಲ್ಲೂ ನಿಷೇಧವಿಲ್ಲ.